ಮತ್ತೆ ಹತ್ತಿಸಬಾರದು

ನಮ್ಮ ಕಾಲೇಜು ವಿಭಾಗದ ವಿಡಿಯೊ ಲ್ಯಾಬಿನ ಬಾಗಿಲ ಒಳಮೈಗೆ ಒಂದು ನಿಯಮಪಟ್ಟಿಯನ್ನು ಅಂಟಿಸಿದ್ದೇನೆ. ಅದರಲ್ಲಿ 23 ಸಾಲುಗಳಿವೆ. ಮೊದಲ 22 ಸಾಲುಗಳು ಟೈಪು ಮಾಡಿದವು. ಕೊನೆಯದು ಮಾತ್ರ ನೀಲಿ ಪೆನ್ನಿನ ಕೈಬರಹ: ‘ಮತ್ತೆ ಹತ್ತಿಸಬಾರದು.’ ಪ್ರತಿ ವರ್ಷ ಹೊಸ ಬ್ಯಾಚು ಬಂದ ಮೊದಲ ವಾರದಲ್ಲಿ ಯಾರಾದರೊಬ್ಬರು ಅದರ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಾರೆ. ಹೆಚ್ಚಿನವರು ಅದನ್ನು ದೀಪಕ್ಕೆ ಸಂಬಂಧಿಸಿದ್ದೆಂದೇ ತಿಳಿಯುತ್ತಾರೆ. ಕಾದ ಹ್ಯಾಲೊಜೆನ್ ಲೈಟನ್ನು ಆರಿಸಿದ ಮೇಲೆ ಅದು ತಣಿಯುವ ಮೊದಲು ಮತ್ತೆ ಹತ್ತಿಸಬಾರದೆಂದು ಇದರ ಅರ್ಥವಿರಬೇಕು ಎಂದು ಹುಡುಗನೊಬ್ಬ ಇಡೀ ತರಗತಿಗೆ ವಿವರಿಸಿದ್ದೂ ಉಂಟು. ಆ ಸಲಹೆ ಪಾಲಿಸಿದರೆ ನಷ್ಟವೇನೂ ಇಲ್ಲವಾದ್ದರಿಂದ ನಾನು ಕೂಡಲೇ ತಿದ್ದಲು ಹೋಗಲಿಲ್ಲ.

ಈ ಜೂನ್ ತಿಂಗಳಲ್ಲಿ ಲ್ಯಾಬಿಗೆ ಬಣ್ಣ ಹೊಡೆಸುವಾಗ ಪೇಂಟರು ಆ ಹಾಳೆಯನ್ನು ಕಿತ್ತು ಮೇಜಿನ ಮೇಲಿಟ್ಟಿದ್ದರು. ಮೂಲೆಗಳು ಹರಿದಿದ್ದವು. ಹೇಗೂ ಹೊಸದಾಗಿ ಅಚ್ಚು ಹಾಕಿಸಬೇಕಲ್ಲ, ಬೇಡದ್ದನ್ನು ತೆಗೆದುಹಾಕೋಣವೆಂದು ಪೆನ್ನು ಹಿಡಿದು ಕುಳಿತವನಿಗೆ ಒಂದೇ ಒಂದು ಸಾಲನ್ನೂ ಹೊಡೆದುಹಾಕಲಾಗಲಿಲ್ಲ. ಮೇಲ್ನೋಟಕ್ಕೆ ಅವೆಲ್ಲ ಸಾಮಾನು ಕಾಯುವ ನಿಯಮಗಳ ಹಾಗೆ ಕಾಣುತ್ತವೆ: ಬ್ಯಾಟರಿ, ಕಾರ್ಡು, ಕೇಬಲ್ಲು, ರಿಜಿಸ್ಟರಿನಲ್ಲಿ ಸಹಿ. ಆದರೆ ಒಂದೊಂದನ್ನು ಓದುವಾಗಲೂ ನನಗೆ ಒಬ್ಬೊಬ್ಬರ ಮುಖ ನೆನಪಾಗುತ್ತಿತ್ತು, ಮತ್ತು ಆ ಮುಖಗಳಲ್ಲಿ ಹೆಚ್ಚಿನವು ನಮ್ಮ ವಿದ್ಯಾರ್ಥಿಗಳದ್ದಾಗಿರಲಿಲ್ಲ. ನಾವು ಮಾಡಿದ ತಪ್ಪಿಗೆ ತಮ್ಮ ಹೊತ್ತನ್ನೋ ಮೈಯನ್ನೋ ದಂಡವಾಗಿ ತೆತ್ತವರು ಅವರು. 14 ವರ್ಷ ವಿಡಿಯೊ ವಿಷಯವನ್ನು ಕಲಿಸಿದ ಮೇಲೆಯೂ ತರಗತಿಯಲ್ಲಿ ನಾನು ಈ ನಿಯಮಗಳನ್ನು ‘ಕ್ಯಾಮೆರಾ ಹಾಳಾಗುತ್ತದೆ’ ಎಂಬ ಕಾರಣ ಕೊಟ್ಟೇ ಹೇಳುತ್ತ ಬಂದಿದ್ದೇನೆ. ಆ ಕಾರಣ ಎಷ್ಟು ಅರ್ಧಂಬರ್ಧದ್ದು ಎಂಬುದು ಅಂದಿನಿಂದ ತಲೆಯಲ್ಲಿ ಕೊರೆಯುತ್ತಿದೆ.

ಕೊನೆಯಿಲ್ಲದ ಮರ

2013ರ ಡಿಸೆಂಬರಿನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಒಂದು ಅಡಿಕೆ ತೋಟಕ್ಕೆ ಐದು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ಕೊನೆ ಕೊಯ್ಲಿನ, ಅಂದರೆ ಅಡಿಕೆ ಗೊನೆ ಕಡಿದಿಳಿಸುವ ಕೆಲಸದ ಮೇಲೆ ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡುವುದು ಅವರ ಪ್ರಾಜೆಕ್ಟ್. ವಿಭಾಗದಲ್ಲಿ ಆಗ ಇದ್ದದ್ದು ಒಂದೇ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ ಮತ್ತು ಎರಡು ಬ್ಯಾಟರಿ. ಕೊನೆಗೌಡರಿಗೆ, ಅಂದರೆ ಮರ ಹತ್ತಿ ಕೊನೆ ಕೊಯ್ಯುವವರಿಗೆ, ಐವತ್ತು ದಾಟಿತ್ತು. ಕಾಲಿಗೆ ತಳೆ (ಮರ ಹತ್ತಲು ಪಾದಗಳಿಗೆ ಹಾಕುವ ಬಳೆ) ಹಾಕಿಕೊಂಡು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ಮೆಟ್ಟಿಲು ಹತ್ತಿದಷ್ಟೇ ನಿರಾಯಾಸವಾಗಿ ಅವರು ಮರ ಏರುತ್ತಿದ್ದರು. ಒಂದು ಮರದ ಕೊನೆ ಇಳಿಸಿದ ಮೇಲೆ ಕೆಳಗಿಳಿಯುವ ಮಾತೇ ಇಲ್ಲ. ಕುಳಿತ ಮರವನ್ನೇ ತೂಗಿ ಬಾಗಿಸಿ, ಪಕ್ಕದ ಮರವನ್ನು ಕೈಗೆ ಎಳೆದುಕೊಂಡು, ಇದರಿಂದ ಅದಕ್ಕೆ ದಾಟಿಬಿಡುತ್ತಿದ್ದರು. ಕಡಿದ ಕೊನೆ ಹಗ್ಗದ ಮೇಲೆ ಜಾರಿ ಕೆಳಗೆ ಹಗ್ಗ ಹಿಡಿದವನ ಮಡಿಲಿಗೆ ಬಂದು ಬೀಳುತ್ತಿತ್ತು. ನಾವು ಹೋದದ್ದೇ ಆ ದಾಟುವಿಕೆಯನ್ನು ಚಿತ್ರಿಸಲು. ಹುಡುಗರು ತೋಟದ ವೈಡ್ ಶಾಟು, ಅಡಿಕೆ ಹಾಳೆಯ ಮೇಲಿನ ಇಬ್ಬನಿ, ನಾಯಿ, ಹಾರೆ, ಚಪ್ಪಲಿ ಎಂದು ಸುತ್ತಲಿನದ್ದನ್ನೆಲ್ಲ ಎತ್ತಿ ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಗೌಡರು ನಾಲ್ಕನೆಯ ಮರವನ್ನು ತೂಗತೊಡಗಿದಾಗ ಕ್ಯಾಮೆರಾದ ಮೂಲೆಯಲ್ಲಿ ಕೆಂಪು ಬ್ಯಾಟರಿ ಚಿಹ್ನೆ ಮಿನುಗಿತು, ಅವರ ಕೈ ಐದನೆಯ ಮರವನ್ನು ಮುಟ್ಟುವ ಹೊತ್ತಿಗೆ ಪರದೆ ಕಪ್ಪಾಯಿತು.

ಚೀಲದಲ್ಲಿ ಇನ್ನೊಂದು ಬ್ಯಾಟರಿ ಇತ್ತು. ಅದು ಖಾಲಿ. ಚಾರ್ಜ್ ಮಾಡಿದ್ದು ಯಾವುದು, ಮಾಡದ್ದು ಯಾವುದು ಎಂಬ ಗುರುತಿರಲಿಲ್ಲವಾದ್ದರಿಂದ ಒಬ್ಬ ಹಿಂದಿನ ರಾತ್ರಿ ತುಂಬಿದ್ದ ಬ್ಯಾಟರಿಯನ್ನೇ ಮತ್ತೆ ತುಂಬಿ, ಖಾಲಿಯದನ್ನು ಹಾಗೆಯೇ ಚೀಲಕ್ಕೆ ಹಾಕಿದ್ದ. ತೋಟದ ಮನೆಗೆ ಓಡಿ ಚಾರ್ಜಿಗೆ ಹಾಕಿಸಿದೆವು. ನಲವತ್ತು ನಿಮಿಷದ ನಂತರ ಅರ್ಧ ತುಂಬಿದ ಬ್ಯಾಟರಿ ಹಿಡಿದು ಬಂದಾಗ ಗೌಡರು ಆ ಸಾಲಿನ ಕೊಯ್ಲು ಮುಗಿಸಿ ಕೆಳಗಿಳಿದು ಎಲೆ ಅಡಿಕೆ ಹಾಕುತ್ತ ಕುಳಿತಿದ್ದರು. ಪಕ್ಕದ ಸಾಲಿನಲ್ಲಿ ಬಿಸಿಲು ನೇರವಾಗಿ ಲೆನ್ಸಿಗೆ ಹೊಡೆಯುತ್ತಿತ್ತು. ‘ಗೌಡರೇ, ಇದೇ ಮರ ಒಂದ್ಸಲ ಮತ್ತೆ ಹತ್ತಿಬಿಡಿ’ ಎಂದೆ. ಎಂದದ್ದು ವಿದ್ಯಾರ್ಥಿಗಳಲ್ಲ, ನಾನು. ಅವರು ಮರದ ತುದಿಯನ್ನು ನೋಡಿದರು, ನನ್ನನ್ನು ನೋಡಿದರು, ಬಾಯಲ್ಲಿದ್ದುದನ್ನು ಉಗಿದು ಎದ್ದರು. ಮೇಲೆ ಹೋಗಿ, ಕಡಿಯಲು ಕೊನೆಯೇ ಇಲ್ಲದ ಮರದಲ್ಲಿ ಗಾಳಿಗೆ ಕತ್ತಿ ಆಡಿಸಿದರು. ಮರವನ್ನು ತೂಗುವಾಗ ಅವರ ಎಡಗಾಲಿನ ಹಿಡಿತ ಒಂದು ಗೇಣು ಜಾರಿತು. ಅವರು ಬೀಳಲಿಲ್ಲ. ಒಂದು ಕ್ಷಣ ಮರವನ್ನು ತಬ್ಬಿ ನಿಂತು, ದಾಟಿ, ಇಳಿದರು. ಇಳಿದವರು ಅಂದದ್ದು ಒಂದೇ ಮಾತು: ‘ಕೊನೆ ಇಲ್ಲದ ಮರ ಹತ್ತಿದ್ದು ಇದೇ ಮೊದಲು.’ ಆ ತೋಟದಲ್ಲಿ ಕೂಲಿ ಕೊನೆಗಿಷ್ಟು ಎಂಬ ಲೆಕ್ಕದ್ದು ಎಂಬುದು ನಮಗೆ ತಿಳಿದದ್ದು ಮಧ್ಯಾಹ್ನ ಊಟಕ್ಕೆ ಕುಳಿತಾಗ.

ಎರಡನೆಯ ಟೇಕು ಯಾವ ಕೆಲಸಕ್ಕೂ ಬರಲಿಲ್ಲ. ಎಡಿಟಿಂಗಿನಲ್ಲಿ ನೋಡಿದರೆ ಆ ಸುಳ್ಳು ಕಣ್ಣಿಗೆ ರಾಚುತ್ತಿತ್ತು, ಏಕೆಂದರೆ ಭಾರದ ಕೊನೆಯನ್ನು ಹಿಡಿದ ಕೈಗೂ ಏನನ್ನೂ ಹಿಡಿಯದ ಕೈಗೂ ಇರುವ ವ್ಯತ್ಯಾಸವನ್ನು ಎಡಿಟಿಂಗಿನ ಯಾವ ‘ಕಟ್’ನಿಂದಲೂ ಮುಚ್ಚಲಾಗುವುದಿಲ್ಲ. ಬಳಸಿಕೊಂಡದ್ದು ಮೊದಲ ಟೇಕಿನ ಕೊನೆಯ 11 ಸೆಕೆಂಡುಗಳನ್ನು, ಪರದೆ ಕಪ್ಪಾಗುವವರೆಗೆ.

ಪಟ್ಟಿಯ ಮೂರನೆಯ ಸಾಲು, ಅಂದರೆ ‘ತುಂಬಿದ ಬ್ಯಾಟರಿಯ ಲೋಹದ ಪಟ್ಟಿಗಳ ಮೇಲೆ ಬಿಳಿ ಟೇಪು ಅಂಟಿಸಿ, ಬಳಸುವಾಗ ಕೀಳಿ, ಟೇಪಿಲ್ಲದ ಬ್ಯಾಟರಿ ಖಾಲಿಯೆಂದೇ ತಿಳಿಯಿರಿ’ ಎಂಬುದು ಅಲ್ಲಿಂದ ಬಂತು. ಕಾರ್ಡುಗಳಿಗೂ ಇದೇ ಬಗೆಯ ಕ್ರಮವಿದೆ. ಖಾಲಿ ಕಾರ್ಡಿನ ಹೆಸರಿನ ಮುಖ ಡಬ್ಬಿಯಲ್ಲಿ ಮೇಲಿರಬೇಕು, ತುಂಬಿದ ಕಾರ್ಡು ಮಗುಚಿರಬೇಕು. ಹೊರಡುವ ಮೊದಲು ಲೆಕ್ಕ ಹಾಕುವುದು ಏಳನೆಯ ಸಾಲು. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಬರೆಯುತ್ತಿದ್ದರೆ ಒಂದು ಗಂಟೆಗೆ ಸುಮಾರು 45 ಜಿಬಿ ಬೇಕು, ಆದ್ದರಿಂದ 64 ಜಿಬಿಯ ಕಾರ್ಡು 80 ನಿಮಿಷಕ್ಕೆ ತುಂಬಿತೆಂದೇ ಇಟ್ಟುಕೊಳ್ಳಬೇಕು. ಎಂಟು ಬಿಟ್ ಸೇರಿದರೆ ಒಂದು ಬೈಟ್. ಈ ಲೆಕ್ಕ ಹಾಕದೆ ಹೊರಟವರು ಮದುವೆಮನೆಯಲ್ಲಿ ಧಾರೆಯ ಹೊತ್ತಿಗೆ ಹಳೆಯ ಕ್ಲಿಪ್ಪುಗಳನ್ನು ಅಳಿಸುತ್ತ ನಿಂತಿರುತ್ತಾರೆ. ಶೂಟಿಂಗಿನ ನಡುವೆ ಏನನ್ನೂ ಅಳಿಸಬಾರದೆಂಬ ನಿಯಮ ಬೇರೆ ಇದೆ. ಆತುರದಲ್ಲಿ ಅಳಿಸುವವನ ಬೆರಳು ಬೇಕಾದದ್ದನ್ನೇ ಹುಡುಕಿಕೊಂಡು ಹೋಗುತ್ತದೆ.

ಆದರೆ ಇಷ್ಟನ್ನೂ ಪಾಲಿಸಿದ ಮೇಲೂ ತಪ್ಪು ಆಗಿಯೇ ಆಗುತ್ತದೆ. ಆಗ ಯಾರು ತೆರಬೇಕು ಎಂಬುದಕ್ಕೆ 23ನೆಯ ಸಾಲು. ನಟರಿದ್ದರೆ ಹತ್ತು ಟೇಕು ತೆಗೆಯಿರಿ. ಅವರು ಅದಕ್ಕೆಂದೇ ಬಂದವರು. ದುಡಿಯುತ್ತಿರುವವರನ್ನು, ಅಳುತ್ತಿರುವವರನ್ನು, ಪೂಜೆ ಮಾಡುತ್ತಿರುವವರನ್ನು ನಮ್ಮ ತಪ್ಪಿಗಾಗಿ ಎರಡನೆಯ ಸಲ ಹಾಗೆ ಮಾಡಿ ಎನ್ನುವ ಹಕ್ಕು ನಮಗಿಲ್ಲ. ಸಿಗದ ಶಾಟು ಸಿಗಲಿಲ್ಲ ಅಷ್ಟೆ.

ಹೂಂಗುಟ್ಟುವುದು

ಹೊಸಬರಿಗೆ ಚಿತ್ರದ ಮೇಲೆ ಇರುವ ಮೋಹದಲ್ಲಿ ಕಾಲುಭಾಗವೂ ಶಬ್ದದ ಮೇಲೆ ಇರುವುದಿಲ್ಲ. ಚಿತ್ರ ಸ್ವಲ್ಪ ಮಸುಕಾದರೆ ನೋಡುಗರು ಕ್ಷಮಿಸುತ್ತಾರೆ. ಮಾತು ಕೇಳಿಸದಿದ್ದರೆ ಎರಡನೆಯ ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಇದನ್ನು ಎಷ್ಟು ಸಲ ಹೇಳಿದರೂ ಹೆಡ್‌ಫೋನ್ ಹಾಕಿಕೊಳ್ಳುವ ಕೆಲಸವನ್ನು ತಂಡದಲ್ಲಿ ಯಾರಿಗೂ ಬೇಡವಾದವನಿಗೆ ಕಟ್ಟುವುದೇ ರೂಢಿ. ಅದಕ್ಕೆಂದೇ ನಮ್ಮಲ್ಲಿ ಒಂದು ನಿಯಮವಿದೆ: ನಿರ್ದೇಶಕ ಯಾರೇ ಇರಲಿ, ‘ಕಟ್’ ಎನ್ನುವ ಅಧಿಕಾರ ಹೆಡ್‌ಫೋನ್ ಹಾಕಿಕೊಂಡವರಿಗೂ ಇದೆ, ಮತ್ತು ಅವರು ಅಂದ ಮೇಲೆ ವಾದವಿಲ್ಲ. ಮೀಟರಿನಲ್ಲಿ ಹಸಿರು ಗೆರೆ ಕುಣಿಯುತ್ತಿದೆ ಎಂದರೆ ಏನೋ ಒಂದು ಶಬ್ದ ಬರುತ್ತಿದೆ ಎಂದಷ್ಟೇ ಅರ್ಥ. ಅದು ಮಾತೋ, ಕರಿಮಣಿ ಸರ ಮೈಕಿಗೆ ತಾಗುವ ಸದ್ದೋ ಎಂಬುದು ಕಿವಿಗೆ ಮಾತ್ರ ಗೊತ್ತು. ಲೇಪಲ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಹೆಂಗಸರ ಕೊರಳಲ್ಲಿ ಸರಿಯಾಗಿ ಅಲ್ಲಿಯೇ ತಾಳಿ ಇರುತ್ತದೆ. ಸೆರಗಿನ ಮಡಿಕೆಗೆ, ಹೆಗಲಿನ ಕಡೆಗೆ ಸರಿಸಿದರೆ ಸದ್ದು ತಪ್ಪುತ್ತದೆ. ಹೇಗೆ ಸಿಕ್ಕಿಸಬೇಕೆಂದು ತೋರಿಸಿ, ಸಿಕ್ಕಿಸಿಕೊಳ್ಳುವ ಕೆಲಸವನ್ನು ಅವರಿಗೇ ಬಿಡಿ.

ಮನೆಯೊಳಗಿನ ಸಂದರ್ಶನಕ್ಕೆ ಹೋದರೆ ಮೊದಲು ಐದು ನಿಮಿಷ ಸುಮ್ಮನೆ ಕುಳಿತು ಕೇಳಿಸಿಕೊಳ್ಳಬೇಕು. ಫ್ಯಾನು, ಪಕ್ಕದ ಮನೆಯ ಟಿವಿ, ಕುಕ್ಕರಿನ ಸರದಿ, ಫ್ರಿಜ್ಜು. ಫ್ರಿಜ್ಜನ್ನು ಆರಿಸುವ ಮೊದಲು ನಿಮ್ಮ ಬೈಕಿನ ಕೀಲಿಯನ್ನು ಅದರೊಳಗಿಡಿ ಎಂಬುದು ಶಬ್ದ ಹಿಡಿಯುವವರ ಹಳೆಯ ಉಪಾಯ. ಕೀಲಿ ಇಲ್ಲದೆ ಊರಿಗೆ ಮರಳಲಾಗುವುದಿಲ್ಲ, ಕೀಲಿ ತೆಗೆಯುವಾಗ ಸ್ವಿಚ್ಚು ನೆನಪಾಗದೆ ಹೋಗುವುದಿಲ್ಲ. ಈ ಉಪಾಯ ನನಗೆ ಗೊತ್ತಾಗುವುದಕ್ಕೆ ಮುಂಚೆ ಒಂದು ಮನೆಯ ಎರಡು ದಿನದ ಹಾಲು, ಮೊಸರು, ಮಗುವಿಗೆಂದು ತಂದಿಟ್ಟಿದ್ದ ಔಷಧಿ ನಮ್ಮಿಂದಾಗಿ ಹಾಳಾಗಿದ್ದವು. ಫೋನು ಮಾಡಿ ಬೈಯುವ ಬದಲು ಆ ಮನೆಯವರು ಪುನಃ ನಮ್ಮನ್ನು ಕರೆಯದೆ ಸುಮ್ಮನಾದರು. ಎಂಟನೆಯ ಸಾಲು ಅವರದು.

ಮಾತು ಮುಗಿದ ಮೇಲೆ ಅದೇ ಜಾಗದಲ್ಲಿ, ಯಾರೂ ಕದಲದೆ, 30 ಸೆಕೆಂಡು ಬರಿಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಬೇಕು ಎಂಬ ನಿಯಮಕ್ಕೆ ವಿದ್ಯಾರ್ಥಿಗಳು ಮೊದಮೊದಲು ನಗುತ್ತಾರೆ. ಮಲೆನಾಡಿನಲ್ಲಿ ಕೆಲಸ ಮಾಡುವವರಿಗೆ ಇದರ ಅಗತ್ಯ ಬೇಗ ಅರಿವಾಗುತ್ತದೆ. ತೋಟದಲ್ಲಿ ಜೀರುಂಡೆಗಳ ದನಿ ಎಡೆಬಿಡದೆ ಇರುವುದರಿಂದ ಅಲ್ಲಿ ನಿಂತವರಿಗೆ ಅದು ಕೇಳಿಸುವುದೇ ಇಲ್ಲ. ಆದರೆ ಹತ್ತು ಗಂಟೆಗೆ ಹೇಳಿದ ವಾಕ್ಯಕ್ಕೆ ಹನ್ನೊಂದಕ್ಕೆ ಹೇಳಿದ ವಾಕ್ಯವನ್ನು ಜೋಡಿಸಿದರೆ ಮಾತಿನ ನಡುವೆ ಜೀರುಂಡೆಗಳು ಒಮ್ಮೆಗೇ ಗಂಟಲು ಕಟ್ಟಿದಂತೆ ನಿಂತು ಇನ್ನೊಂದು ಶ್ರುತಿಯಲ್ಲಿ ಶುರುವಾಗುತ್ತವೆ. ಆ ಬಿರುಕಿಗೆ ಮೆತ್ತುವ ಮಣ್ಣು ಈ 30 ಸೆಕೆಂಡುಗಳ ‘ಮೌನ’.

ಸಂದರ್ಶನ ಮಾಡುವವರು ನಡುವೆ ಬಾಯಿ ಹಾಕಬಾರದು, ‘ಹೌದಾ’, ‘ಹೂಂ’ ಎನ್ನಬಾರದು, ತಲೆಯಾಡಿಸಿದರೆ ಸಾಕು ಎಂಬುದು ಎಲ್ಲ ವಿಡಿಯೊ ತರಗತಿಗಳಲ್ಲಿಯೂ ಹೇಳುವ ಪಾಠ. ನಾನೂ ಕಟ್ಟುನಿಟ್ಟಾಗಿ ಹೇಳುತ್ತಿದ್ದೆ. ಒಮ್ಮೆ ಹುಡುಗಿಯರಿಬ್ಬರು ಬೀಸುಕಲ್ಲಿನ ಪದ ಹೇಳುವ ಒಬ್ಬ ಅಜ್ಜಿಯ ಮುಂದೆ ಕ್ಯಾಮೆರಾ ಇಟ್ಟು ಕುಳಿತಿದ್ದರು. ಅಜ್ಜಿಗೆ ತಾನು ಮದುವೆಯಾಗಿ ಬಂದ ಕತೆಯಿಂದ ಶುರುಮಾಡಿ ಎಂದಿದ್ದರು. ಅಜ್ಜಿ ಒಂದು ವಾಕ್ಯ ಹೇಳಿ ನಿಲ್ಲಿಸಿದರು. ಇವರು ಪಾಠದ ಪ್ರಕಾರ ಕಣ್ಣರಳಿಸಿ ತಲೆಯಾಡಿಸಿದರು. ಅಜ್ಜಿ ಇನ್ನೊಂದು ವಾಕ್ಯ ಹೇಳಿ ಮತ್ತೆ ನಿಲ್ಲಿಸಿದರು. ಮೂರನೆಯ ಸಲ ಅವರು ನನ್ನ ಕಡೆ ತಿರುಗಿ, ‘ಈ ಮಕ್ಕಳಿಗೆ ನನ್ನ ಮಾತು ಬೇಜಾರು ಅಂತ ಕಾಣತ್ತೆ’ ಎಂದುಬಿಟ್ಟರು. ಅವರಿಗೆ ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ. ಆಡಿದ ತಲೆ ಅವರನ್ನು ತಲುಪಿರಲೇ ಇಲ್ಲ. ಅದಕ್ಕಿಂತ ದೊಡ್ಡ ಕಾರಣ, ಕತೆಗೆ ಹೂಂಗುಟ್ಟುವವರಿಲ್ಲದೆ ಕತೆ ಮುಂದುವರಿಯುವುದಿಲ್ಲ ಎಂಬುದನ್ನು ನಾವು ಬಾಲ್ಯದಿಂದ ಬಲ್ಲವರಾಗಿದ್ದರೂ ಕ್ಯಾಮೆರಾ ಹಿಡಿದೊಡನೆ ಮರೆತಿದ್ದೆವು. ನಮ್ಮಲ್ಲಿ ಹೂಂಗುಟ್ಟುವುದು ಅಡ್ಡಿಯಲ್ಲ, ಕತೆಯ ಅರ್ಧ ಅದು.

ಕೊನೆಗೆ ಅಜ್ಜಿಯ ಮೊಮ್ಮಗಳನ್ನು ಕರೆದು ಅವರ ಮಗ್ಗುಲಲ್ಲಿ, ಚೌಕಟ್ಟಿನ ಒಳಗೇ ಕೂರಿಸಿದೆವು. ಆ ಹುಡುಗಿ ಅವರೆಕಾಳು ಬಿಡಿಸುತ್ತ ಹೂಂ ಅನ್ನುತ್ತ ಹೋದಳು, ಅಜ್ಜಿ ಒಂದೂವರೆ ಗಂಟೆ ಮಾತಾಡಿದರು, ನಡುನಡುವೆ ಹಾಡಿದರು. ಮೊಮ್ಮಗಳ ‘ಹೂಂ’ ಎಲ್ಲ ಕಡೆಯೂ ಇತ್ತು, ಅದನ್ನು ತೆಗೆಯಲಾಗಲಿಲ್ಲ, ತೆಗೆಯಬೇಕೆಂದು ನನಗೆ ಅನಿಸಲೂ ಇಲ್ಲ. ಪಟ್ಟಿಯ ಹನ್ನೊಂದನೆಯ ಸಾಲಿನಲ್ಲಿ ‘ಪ್ರಶ್ನೆ ಕೇಳಿದವರು ಉತ್ತರದ ನಡುವೆ ಬಾಯಿಬಿಡಬಾರದು’ ಎಂಬುದು ಇಂದಿಗೂ ಹಾಗೆಯೇ ಇದೆ, ಏಕೆಂದರೆ ಅಧಿಕಾರಿಗಳ, ಪ್ರಾಧ್ಯಾಪಕರ ಹೇಳಿಕೆಗೆ ಅದು ಸರಿಯಾದ ನಿಯಮ. ಅದರ ಪಕ್ಕದಲ್ಲಿ ಕಂಸದೊಳಗೆ ಎರಡು ಪದ ಸೇರಿಸಿದ್ದೇನೆ: (ಅಜ್ಜಿಯರ ಹೊರತು).

ಅಮೆರಿಕದ ಕರೆಂಟು

ಈಗಿನ ವಿದ್ಯಾರ್ಥಿಗಳು ತರಗತಿಗೆ ಬರುವ ಮೊದಲೇ ಯೂಟ್ಯೂಬಿನಲ್ಲಿ ಅರ್ಧ ಕೋರ್ಸು ಮುಗಿಸಿರುತ್ತಾರೆ. ಇದರಿಂದ ನನಗೆ ಕೆಲಸ ಕಡಿಮೆಯಾಗಿದೆ ಎಂದೇ ಹೇಳಬೇಕು. ಒಂದು ವಿಷಯದಲ್ಲಿ ಮಾತ್ರ ಕಲಿತದ್ದನ್ನು ಬಿಡಿಸುವ ಕೆಲಸ ಹೊಸದಾಗಿ ಸೇರಿಕೊಂಡಿದೆ. ಅಮೆರಿಕದ ಪಾಠಗಳಲ್ಲಿ ಸೆಕೆಂಡಿಗೆ 30 ಫ್ರೇಮು, ಷಟರ್ (ಒಂದೊಂದು ಫ್ರೇಮಿಗೆ ಬೆಳಕು ಬಿಡುವ ಹೊತ್ತು) 1/60 ಸೆಕೆಂಡು ಎಂದು ಹೇಳುತ್ತಾರೆ. ಫ್ರೇಮ್ ದರದ ದುಪ್ಪಟ್ಟು ಷಟರ್ ಎಂಬ ಸೂತ್ರವನ್ನು ನಮ್ಮವರೂ ಬಾಯಿಪಾಠ ಮಾಡಿ ಬರುತ್ತಾರೆ. ಸೂತ್ರ ಸರಿಯೇ. ಆದರೆ ಅಲ್ಲಿಯ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ನಮ್ಮ ಹಳೆಯ ಟ್ಯೂಬ್‌ಲೈಟುಗಳು, ಅಗ್ಗದ ಎಲ್‌ಇಡಿ ಬಲ್ಬುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣದ ಆ ಮಿಣುಕು 1/60ರ ಷಟರಿಗೆ ಸಿಕ್ಕಿ ಪರದೆಯ ಮೇಲೆ ಕಪ್ಪು ಪಟ್ಟೆಗಳಾಗಿ ಹರಿದಾಡುತ್ತದೆ. 25 ಫ್ರೇಮು, ಷಟರ್ 1/50 ಎಂದು ಇಟ್ಟರೆ ಮುಗಿಯಿತು. ಬೆಳಕು ಹೆಚ್ಚಿದ್ದರೆ 1/100. ಒಂದು ವರ್ಷ ಕಾಲೇಜು ವಾರ್ಷಿಕೋತ್ಸವದ ನಾಟಕವನ್ನು ಮೂರು ಫೋನುಗಳಲ್ಲಿ ಅಮೆರಿಕದ ಲೆಕ್ಕದಲ್ಲಿ ಚಿತ್ರಿಸಿದ ತಂಡ, ಎರಡು ತಿಂಗಳು ತಾಲೀಮು ಮಾಡಿದ ನಾಟಕದವರಿಗೆ ಕೊಟ್ಟದ್ದು ಎರಡು ಗಂಟೆಯ ಪಟ್ಟೆಗಳನ್ನು.

ಫೋನಿನಲ್ಲಿ ಚಿತ್ರಿಸುವವರಿಗೆ ಇನ್ನೂ ಎರಡು ಮಾತು. ಹೆಚ್ಚಿನ ಫೋನುಗಳು ಫ್ರೇಮ್ ದರವನ್ನು ತಮಗೆ ತೋಚಿದಂತೆ ಏರಿಳಿಸುತ್ತವೆ. ಅಂಥ ಫೈಲನ್ನು ನೇರವಾಗಿ ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನಿಗೆ ಎಳೆದರೆ ಹತ್ತನೆಯ ನಿಮಿಷದ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಿರುತ್ತದೆ. ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಂಡು ಕೆಲಸ ಶುರುಮಾಡಬೇಕು. ಎರಡನೆಯದು, ವಾಟ್ಸ್ಯಾಪಿನಲ್ಲಿ ಫುಟೇಜು (ಚಿತ್ರಿಸಿದ ಮೂಲ ದೃಶ್ಯ) ಕಳಿಸಬೇಡಿ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

ಬೆಳಕಿನ ವಿಷಯದಲ್ಲಿ ನಾನು ಹೆಚ್ಚು ಹೇಳುವುದಿಲ್ಲ, ಏಕೆಂದರೆ ನಮ್ಮಲ್ಲಿ ಲೈಟುಗಳೇ ಕಡಿಮೆ. ಹಳೆಯ ಮನೆಗಳ ಒಳಗೆ ಮಧ್ಯಾಹ್ನವೂ ಕತ್ತಲೆ. ಬಾಗಿಲಿಗೆ ಬೆನ್ನು ಮಾಡಿ ಕೂರಿಸಿದರೆ ಮನುಷ್ಯ ಹೋಗಿ ನೆರಳು ಉಳಿಯುತ್ತದೆ. ಜಗಲಿಗೆ ಕರೆತಂದು ಅಂಗಳದ ಕಡೆ ಮುಖ ಮಾಡಿಸಿ ಕೂರಿಸಿದರೆ ಅಷ್ಟು ಮೃದುವಾದ ಬೆಳಕನ್ನು ಯಾವ ಸ್ಟುಡಿಯೊವೂ ಕೊಡಲಾರದು. ಇನ್ನೂ ಬೇಕೆಂದರೆ ಟಿವಿ ಡಬ್ಬಿಯ ಥರ್ಮೊಕೋಲ್ ಹಾಳೆ ಸಾಕು. ಸಲಕರಣೆ ಇಲ್ಲವೆಂದು ಗೊಣಗುವವರಿಗೆ ನಾನು ವಿ.ಕೆ. ಮೂರ್ತಿಯವರನ್ನು ನೆನಪಿಸುತ್ತೇನೆ. ಮೈಸೂರಿನವರಾದ ಅವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಹೋದವರು, 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು. 1959ರಲ್ಲಿ ಬಂದ ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ ‘ಕಾಗಜ್ ಕೆ ಫೂಲ್’ನ ಒಂದು ಹಾಡಿನಲ್ಲಿ ಕತ್ತಲ ಸ್ಟುಡಿಯೊವನ್ನು ಸೀಳುವ ಬೆಳಕಿನ ಕೋಲನ್ನು ಅವರು ತಂದದ್ದು ದೊಡ್ಡ ಕನ್ನಡಿಗಳಿಂದ, ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿ.

4 ಎಂಬಿಯ ಸಿನಿಮಾ

ಕಳೆದುಕೊಳ್ಳುವುದರಲ್ಲಿ ನಮ್ಮ ವಿದ್ಯಾರ್ಥಿಗಳಷ್ಟು ಕಲ್ಪನಾಶಕ್ತಿ ಇರುವವರನ್ನು ನಾನು ಕಂಡಿಲ್ಲ. ಒಂದು ತಂಡ ಸಲ್ಲಿಕೆಯ ಹಿಂದಿನ ಸಂಜೆ ಲ್ಯಾಬಿನಲ್ಲಿ ಎಡಿಟಿಂಗ್ ಮುಗಿಸಿ, ಉಳಿದ ಬಣ್ಣದ ಕೆಲಸವನ್ನು ಮನೆಯ ಕಂಪ್ಯೂಟರಿನಲ್ಲಿ ಮಾಡಿಕೊಳ್ಳುತ್ತೇವೆಂದು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಂಡಿತು. ಇಪ್ಪತ್ತು ನಿಮಿಷದ ಚಿತ್ರ ಬರಿಯ 4 ಎಂಬಿಯಲ್ಲಿ ಹಿಡಿಸಿತೆಂದು ಅವರಿಗೆ ಬಹಳ ಸಂತೋಷವಾಗಿತ್ತಂತೆ. ಲ್ಯಾಬಿನ ಡಿಸ್ಕು ತುಂಬಿದ್ದರಿಂದ, ಹೇಗೂ ತಮ್ಮದು ಪೆನ್‌ಡ್ರೈವಿನಲ್ಲಿದೆಯಲ್ಲ ಎಂದು, ಒಳ್ಳೆಯ ಮಕ್ಕಳಾಗಿ, ಫುಟೇಜಿನ ಫೋಲ್ಡರನ್ನು ಅಳಿಸಿಯೂ ಹೋಗಿದ್ದರು. ರಾತ್ರಿ ಹತ್ತೂವರೆಗೆ ಫೋನು ಬಂತು. ಮನೆಯ ಪರದೆಯ ಮೇಲೆ ಚಿತ್ರದ ಜಾಗದಲ್ಲೆಲ್ಲ ಕೆಂಪು ಬಣ್ಣ, ಅದರ ಮೇಲೆ ‘ಮೀಡಿಯಾ ಆಫ್‌ಲೈನ್’ ಎಂದು ಹಲವು ಭಾಷೆಗಳಲ್ಲಿ ಬರೆದಿದೆ ಎಂದರು. ಆ ಭಾಷೆಗಳಲ್ಲಿ ಕನ್ನಡವಿಲ್ಲ. ಅರ್ಥವಾಗಲು ಕನ್ನಡವೇನೂ ಬೇಕಾಗುವುದಿಲ್ಲ.

ಪ್ರಾಜೆಕ್ಟ್ ಫೈಲೆಂದರೆ ಅಡುಗೆಯ ಚೀಟಿ, ಫುಟೇಜೆಂದರೆ ಅಕ್ಕಿಬೇಳೆ. ಚೀಟಿಯನ್ನು ಜೇಬಿಗೆ ಹಾಕಿಕೊಂಡು ಉಗ್ರಾಣವನ್ನು ಖಾಲಿ ಮಾಡಿ ಹೋದರೆ ಮನೆಯಲ್ಲಿ ಊಟವಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಎಂಬ ಪ್ರಸಿದ್ಧ ಸೂತ್ರವನ್ನು ನಮ್ಮ ಬಡತನಕ್ಕೆ ಹೊಂದಿಸಿಕೊಂಡಿದ್ದೇವೆ: ಲ್ಯಾಬಿನ ಡಿಸ್ಕಿನಲ್ಲಿ ಒಂದು, ತಂಡದ ಹೊರ ಹಾರ್ಡ್‌ಡಿಸ್ಕಿನಲ್ಲಿ ಒಂದು, ಮೂರನೆಯದು ಆ ಎರಡೂ ಪ್ರತಿಗಳನ್ನು ತೆರೆದು ನೋಡುವವರೆಗೆ ಕಾರ್ಡಿನಲ್ಲಿಯೇ. ಕಾಪಿ ಮಾಡಿದವರೇ ಕಾರ್ಡನ್ನು ಫಾರ್ಮ್ಯಾಟ್ ಮಾಡುವಂತಿಲ್ಲ. ತಂಡದ ಇನ್ನೊಬ್ಬರು ಕನಿಷ್ಠ ಮೊದಲ, ನಡುವಣ ಮತ್ತು ಕೊನೆಯ ಕ್ಲಿಪ್ಪನ್ನು ಓಡಿಸಿ ನೋಡಿ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು. ಫೈಲಿಗೆ ‘ಫೈನಲ್’ ಎಂಬ ಹೆಸರಿಡುವುದು ನಿಷಿದ್ಧ. ‘ಫೈನಲ್’, ‘ಫೈನಲ್ ನ್ಯೂ’, ‘ನಿಜವಾದ ಫೈನಲ್’ ಮೂರೂ ಒಂದೇ ಫೋಲ್ಡರಿನಲ್ಲಿದ್ದು, ಪರೀಕ್ಷಕರ ಮುಂದೆ ಓಡಿದ್ದು ಮೊದಲನೆಯದಾಗಿತ್ತು. ತಾರೀಖು ಹಾಕಿ, ಸಂಖ್ಯೆ ಹಾಕಿ.

ಆ ತಂಡದ ಫುಟೇಜು ಕೊನೆಗೆ ಸಿಕ್ಕಿತು. ಒಬ್ಬಳು ನಿಯಮ ಮುರಿದು ಕಾರ್ಡನ್ನು ರಿಜಿಸ್ಟರಿಗೆ ವಾಪಸು ಕೊಡದೆ ಪರ್ಸಿನಲ್ಲಿಯೇ ಮರೆತಿದ್ದಳು. ದಂಡ ಹಾಕಬೇಕೋ ಬಹುಮಾನ ಕೊಡಬೇಕೋ ತಿಳಿಯದೆ ಎರಡನ್ನೂ ಕೈಬಿಟ್ಟೆ.

ಹೆಸರು

ಪರದೆಯ ಮೇಲೆ ಹೆಸರು ತಪ್ಪಾಗಿ ಬಂದರೆ ನಮಗೆ ಅದು ಒಂದು ಅಕ್ಷರದ ತಪ್ಪು. ಹೆಸರಿನವರಿಗೆ, ಬದುಕಿನಲ್ಲಿ ಒಂದೇ ಸಲ ಟಿವಿಯಲ್ಲಿ ಬಂದ ಹೆಸರು. ಘಟ್ಟದ ಮೇಲಿನ ಹೆಗಡೆ ಕೆಳಗಿನ ಹೆಗ್ಡೆ ಆಗಬಾರದು, ಶಾಂತಾ ಶಾಂತ ಆಗಬಾರದು. ಆದ್ದರಿಂದ ಅವರ ಹೆಸರನ್ನು ಅವರ ಕೈಯಿಂದಲೇ ಬರೆಸಿಕೊಂಡು ಆ ಚೀಟಿಯನ್ನು ಕ್ಯಾಮೆರಾದಲ್ಲಿ ಒಂದು ಶಾಟು ತೆಗೆದಿಟ್ಟುಕೊಳ್ಳಬೇಕು. ಓದು ಬರಹ ಬಾರದವರಾದರೆ ಹೆಸರನ್ನೂ, ಚಿತ್ರಿಸಲು ತಮ್ಮ ಒಪ್ಪಿಗೆ ಇದೆಯೆಂಬುದನ್ನೂ ಅವರು ಬಾಯಲ್ಲಿ ಹೇಳುವುದನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಯಾವುದಕ್ಕೆ, ಎಲ್ಲಿ ತೋರಿಸುತ್ತೇವೆಂದು ಮೊದಲೇ ಹೇಳಿರಬೇಕು. ‘ಕಾಲೇಜಿಗೆ’ ಎಂದು ಹೇಳಿ ಇನ್‌ಸ್ಟಾಗ್ರಾಮಿಗೆ ಹಾಕುವುದು ಮೋಸ.

ಸರಿಯಾಗಿ ಬರೆಸಿಕೊಂಡ ಹೆಸರನ್ನು ತಂತ್ರಾಂಶ ಕೆಡಿಸುವುದು ಕನ್ನಡಿಗರಿಗೇ ಮೀಸಲಾದ ಇನ್ನೊಂದು ಕಷ್ಟ. ‘ಪುಟ್ಟಮ್ಮ’ ಎಂದು ಟೈಪು ಮಾಡಿದರೆ ಟೈಮ್‌ಲೈನಿನಲ್ಲಿ ‘ಪುಟ್‌ಟಮ್‌ಮ’ ಆಗಿ ಕುಳಿತಿರುತ್ತದೆ. ಹುಡುಗರು ಕೂಡಲೇ ಹಳೆಯ ನುಡಿ ಫಾಂಟಿಗೆ ಓಡುತ್ತಾರೆ. ಆಮೇಲೆ ಇನ್ನೊಂದು ಕಂಪ್ಯೂಟರಿನಲ್ಲಿ ಆ ಫಾಂಟಿಲ್ಲದೆ ಪುಟ್ಟಮ್ಮನವರು ಇಂಗ್ಲಿಷ್ ಅಕ್ಷರಗಳ ಕಸವಾಗುತ್ತಾರೆ. ಪ್ರೀಮಿಯರ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಾದರೆ ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ ಎಂಬಲ್ಲಿ ‘ಸೌತ್ ಏಷ್ಯನ್ ಅಂಡ್ ಮಿಡ್ಲ್ ಈಸ್ಟರ್ನ್’ ಎಂಬುದನ್ನು ಆರಿಸಿದರೆ ಒತ್ತಕ್ಷರಗಳು ತಮ್ಮ ಜಾಗಕ್ಕೆ ಬರುತ್ತವೆ. ಹಾಗಾದರೂ ಎಕ್ಸ್‌ಪೋರ್ಟ್ ಆದ ಮೇಲೆ ಒಬ್ಬರು ಕೂತು ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಬೇಕು.

ಅನುಮತಿಗಳ ಬಗ್ಗೆ ಇಲ್ಲಿ ಉದ್ದಕ್ಕೆ ಬರೆಯುವುದಿಲ್ಲ. ಹಂಪಿಯಲ್ಲಾಗಲಿ ಹಳೇಬೀಡಿನಲ್ಲಾಗಲಿ, ಕೈಯಲ್ಲಿ ಹಿಡಿದ ಫೋನನ್ನು ಯಾರೂ ಕೇಳದಿರಬಹುದು, ಟ್ರೈಪಾಡಿನ ಕಾಲು ಬಿಚ್ಚಿದೊಡನೆ ಕಾವಲಿನವರು ಬಂದು ಕಾಗದ ಕೇಳುತ್ತಾರೆ, ಅದು ಅವರ ಕೆಲಸ. ಡ್ರೋನು 2021ರ ನಿಯಮಗಳಿಗೆ ಒಳಪಟ್ಟದ್ದು. ಗೆಳೆಯನ ಅಣ್ಣನ ಡ್ರೋನಿಗೂ ಅವೇ ನಿಯಮ.

ಹೊಸ ಹಾಳೆಯನ್ನು ಜುಲೈಯಲ್ಲಿ ಅಂಟಿಸಿದೆ. 22 ಸಾಲು ಟೈಪು, ಕೊನೆಯದು ಮೊದಲಿನಂತೆಯೇ ಪೆನ್ನಿನಲ್ಲಿ. ಮೊದಲ ತರಗತಿಯಲ್ಲಿ ಈ ಸಲವೂ ಆ 11 ಸೆಕೆಂಡಿನ ಕ್ಲಿಪ್ಪನ್ನು ಹಾಕಿ ತೋರಿಸಿದೆ. ಬಾಗುವ ಮರ, ಚಾಚಿದ ಕೈ, ಜೀರುಂಡೆ, ಕತ್ತಲೆ. ‘ಆಮೇಲೇನಾಯ್ತು ಸಾರ್?’ ಎಂದು ಹಿಂದಿನ ಬೆಂಚಿನಿಂದ ಕೇಳಿದರು. ಈ ಬಾರಿ ಕ್ಯಾಮೆರಾ ಹಾಳಾಗುವ ವಿಷಯವನ್ನು ಎತ್ತದೆ ಎಲ್ಲವನ್ನೂ ಹೇಳಿದೆ, ಹತ್ತಿ ಎಂದವನು ನಾನೇ ಎಂಬುದನ್ನೂ ಸೇರಿಸಿ.

ಕಳೆದ ಚಳಿಗಾಲದಲ್ಲಿ ಬೇರೊಂದು ತಂಡದ ಜೊತೆ ಅದೇ ಊರಿಗೆ ಹೋಗಿದ್ದೆ. ಗೌಡರು ಈಗ ಮರ ಹತ್ತುವುದಿಲ್ಲ. ಉದ್ದನೆಯ ಫೈಬರ್ ದೋಟಿ ಹಿಡಿದು ನೆಲದಲ್ಲಿ ನಿಂತೇ ಕೊನೆ ಇಳಿಸುತ್ತಾರೆ. ನನ್ನ ಗುರುತು ಹತ್ತಲು ಅವರಿಗೆ ಒಂದು ಗಳಿಗೆ ಬೇಕಾಯಿತು. ಆಮೇಲೆ ನನ್ನನ್ನು ಬಿಟ್ಟು, ಕ್ಯಾಮೆರಾ ಹಿಡಿದಿದ್ದ ಹುಡುಗಿಯ ಕಡೆ ತಿರುಗಿ ಕೇಳಿದರು: ‘ಬ್ಯಾಟರಿ ತುಂಬಿಸ್ಕೊಂಡು ಬಂದಿದೀಯೇನಮ್ಮ?’ ಅವಳಿಗೆ ಹಳೆಯ ಕತೆಯೊಂದೂ ಗೊತ್ತಿರಲಿಲ್ಲ. ಚೀಲ ತೆರೆದು ಬಿಳಿ ಟೇಪು ಅಂಟಿಸಿದ ಮೂರು ಬ್ಯಾಟರಿಗಳನ್ನು ಅಂಗೈಯಲ್ಲಿಟ್ಟು ತೋರಿಸಿದಳು. ಗೌಡರು ಒಂದನ್ನು ಎತ್ತಿ, ಟೇಪನ್ನು ಉಗುರಿನಿಂದ ಒತ್ತಿ ನೋಡಿ, ವಾಪಸು ಇಟ್ಟು, ದೋಟಿ ಎತ್ತಿಕೊಂಡರು.